ಸೊಸೆ ಸೀಟಿನ ಕೆಂಪು ದೀಪ

ನನ್ನ ಮೂಗಿನ ವಿಷಯ ನಮ್ಮೂರು ಬಹ್ಲಾದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಮಸ್ಕತ್‌ನಲ್ಲಿ ಪೆಟ್ರೋಲ್ ಸೋರಿದ್ರೆ ಇಲ್ಲಿ ಗ್ಯಾರೇಜಲ್ಲಿ ಕೂತು ನಾನು ಸೀನ್ತೀನಿ. ಒಂದ್ಸಲ ಒಬ್ಬ ಫೋನ್ ಮಾಡಿ, "ಖಲ್ಫಾನ್, ಗಾಡಿ ಏನೋ ವಾಸ್ನೆ ಹೊಡೀತಿದೆ" ಅಂದ. ಫೋನನ್ನೇ ಮೂಸಿ, ಕ್ಲಚ್ಚು ಅಂದೆ. ಕ್ಲಚ್ಚೇ! ಇಂಥ ಮೂಗಿಗೂ ಮಂಕುಬೂದಿ ಎರಚಿದ್ದು ಜುವೈನಾ ಚಿಕ್ಕಮ್ಮ.

ಅವಳ ಮಗ ಜಹ್ರಾನ್ ಮದ್ವೆ ಹಿಂದಿನ ದಿನ ಬೆಳಿಗ್ಗೆ ಗಾಡಿ ತಂದು ನಿಲ್ಲಿಸ್ದ. ಮುಖ ಹಿಂಡಿದ ನಿಂಬೆಹಣ್ಣಿನ ಥರ ಇತ್ತು.

"ಅಣ್ಣಾ, ಇದು ಆರ್ತಾ ಇಲ್ಲ" ಅಂದ.

ಸ್ಟೇರಿಂಗ್ ಮುಂದೆ ಕೆಂಪು ದೀಪ. ಮನುಷ್ಯ ಮಡಿಲಲ್ಲಿ ಕಲ್ಲಂಗಡಿ ಇಟ್ಕೊಂಡು ಕೂತ ಹಂಗೆ ಚಿತ್ರ. ಏರ್‌ಬ್ಯಾಗಿನ ದೀಪ ಅದು. ಅದು ಉರೀತಿದ್ರೆ ಗಾಡಿ ಗುದ್ದಿದಾಗ ಜೀವ ಉಳಿಸೋ ಗಾಳಿ ಚೀಲ ಉಬ್ಬುತ್ತೆ ಅನ್ನೋ ನಂಬ್ಕೆ ಇಲ್ಲ.

"ಮದ್ವೆ ಮುಗೀಲಿ, ನೋಡೋಣ ಬಿಡೋ."

"ನೋಡೋಣ ಅಂದ್ರೆ ಆಗಲ್ಲ. ನಿಜ್ವಾ ಊರಿಂದ ಹೆಣ್ಣಿನ ಅಪ್ಪ, ನಮ್ಮ ಮಾವ, ನಿನ್ನೆ ಬಂದಿದ್ದಾಗ ನೋಡ್ಬಿಟ್ರು. ದೀಪ ಆರದೆ ಇದ್ರೆ ಮಗಳನ್ನ ಈ ಗಾಡಿ ಹತ್ಸಲ್ವಂತೆ. ಅವರ ಪಿಕಪ್ಪಲ್ಲೇ ಕಳಿಸ್ತಾರಂತೆ."

"ಮೇಕೆ ಸಾಗಿಸ್ತಾರಲ್ಲ, ಆ ಪಿಕಪ್ಪಾ?"

"ನಗಬೇಡ ಅಣ್ಣಾ! ಹೆಂಡ್ತಿ ಮೇಕೆ ಗಾಡೀಲಿ ಬಂದ್ಳು ಅಂತ ಸಾಯೋವರೆಗೂ ಊರು ನಗುತ್ತೆ."

ಮಾವ ಖಸೀಬ್ ಇಡೀ ಆಯಸ್ಸು ಆಂಬುಲೆನ್ಸ್ ಓಡಿಸ್ದೋರು. ರಸ್ತೇಲಿ ಏನೇನು ನೋಡವ್ರೋ, ಅವರನ್ನ ಮಾತಲ್ಲಿ ಕರಗ್ಸೋಕೆ ಆಗಲ್ಲ.

ಸ್ಕ್ಯಾನರ್ ಚುಚ್ಚಿದೆ. ಡ್ರೈವರ್ ಪಕ್ಕದ ಸೀಟು, ಬದಿಯ ಏರ್‌ಬ್ಯಾಗ್, ವಯರಲ್ಲಿ ದೋಷ ಅಂತು. ಸೀಟಿನ ಕೆಳಗೆ ಕೈ ಹಾಕ್ದೆ. ವಯರ್ ಜೋಡಿಸೋ ಹಳದಿ ಕಪ್ಲರ್ ಒಂಚೂರು ಸಡಿಲ ಇದ್ದಂಗೆ ಅನ್ನಿಸ್ತು. ಒತ್ತಿ ಕೂರಿಸಿ, ಸೀಟು ಹಿಂದೆ ಮುಂದೆ ಜಗ್ಗಿ, ದೋಷ ಅಳಿಸ್ದೆ. ದೀಪ ಆರ್ತು.

"ನಾನು ಬೈದ್ರೆ ಸಾಕು, ದೀಪ ಹೆದರ್ಕೊಂಡು ಆರುತ್ತೆ" ಅಂದೆ. ಜಹ್ರಾನ್ ನನ್ನ ಹಣೆಗೆ ಮುತ್ತಿಟ್ಟು ಹೋದ.

ಮಾರನೇ ದಿನ, ಮದ್ವೆ ದಿನಾನೇ, ಬೆಳಿಗ್ಗೆ ಮತ್ತೆ ಬಂದ. ದೀಪ ನಿಗಿನಿಗಿ ಅಂತಿತ್ತು. ಈ ಸಲ ಅವರಮ್ಮನೂ ಜೊತೇಲಿ. ಗಾಡಿ ಬಾಗ್ಲು ತೆಗೆದ್ರೆ ಲೋಬಾನದ ಹೊಗೆ ಎಮ್ಮೆ ಥರ ನುಗ್ಗಿ ಹೊರಗೆ ಬಂತು.

"ಚಿಕ್ಕಮ್ಮಾ, ಗಾಡೀಲಿ ಮಸೀದಿ ಕಟ್ಟಿದೀಯಾ?"

"ಬಾಯ್ಮುಚ್ಚು. ಕಣ್ಣು ಬಿದ್ದಿದೆ ಗಾಡಿಗೆ. ದೀಪ ಹತ್ತಿದ ದಿನದಿಂದ ದಿನಾ ಧೂಪ ಹಾಕ್ತಿದೀನಿ."

"ಜಿನ್ನೇ ಇರ್ಬೇಕು" ಅಂದ ಜಹ್ರಾನ್. ಜಿನ್ನಿಗೇ ಹೆಸರಾದ ಬಹ್ಲಾದೋರು ನಾವು, ಟೈರ್ ಪಂಚರ್ ಆದ್ರೂ ಮೊದ್ಲು ಜಿನ್ನನ್ನೇ ಕೇಳೋದು. ಆಮೇಲೆ ಅವನು ನನ್ನ ಕಿವೀಲಿ, "ಅಣ್ಣಾ, ಆ ಬಲ್ಬೇ ಕಿತ್ತಾಕ್ಬಿಡು. ಮಾವಂಗೆ ಗೊತ್ತಾಗಲ್ಲ" ಅಂದ.

"ಆ ಸೀಟಲ್ಲಿ ಕೂರೋಳು ಯಾರೋ, ನಾನಾ?"

ಅವನೇ ಸ್ಕ್ಯಾನರ್ ತಂದು ಕೈಗೆ ಕೊಟ್ಟ.

ಸ್ಕ್ಯಾನರ್ ಮತ್ತೆ ಅದೇ ಸೀಟು ತೋರಿಸ್ತು. ಕಪ್ಲರ್ ಬಿಗಿಯಾಗೇ ಇತ್ತು. ಮೂಸಿದೆ. ಲೋಬಾನ. ಇನ್ನೊಂದ್ಸಲ ಮೂಸಿದೆ. ಲೋಬಾನ, ಗಂಧ, ಮತ್ತೂ ಲೋಬಾನ. ನನ್ನ ಮೂಗು ಜನ್ಮದಲ್ಲೇ ಮೊದಲ ಸಲ ಕೈ ಚೆಲ್ತು. ತಲೆ ಕೆರ್ಕೊಂಡು ನೀರು ಕುಡಿಯೋಕೆ ಒಳಗೆ ಹೋದೆ. ತಿರುಗಿ ಬಂದ್ರೆ ಚಿಕ್ಕಮ್ಮ ಬಗ್ಗಿಕೊಂಡು, ಹೊಗೆಯಾಡೋ ಮಣ್ಣಿನ ಧೂಪದಾನೀನ ಆ ಸೀಟಿನ ಕೆಳಗೇ ತಳ್ತಾ ಇದ್ಳು.

"ಏನ್ ಮಾಡ್ತಿದೀಯಾ?"

"ಸೊಸೆ ಕೂರೋ ಜಾಗ ಕಣೋ. ಕೆಳಗಿಂದ ಹೊಗೆ ಬಂದ್ರೆ ಸೀಟು ಪೂರ್ತಿ ಘಮಘಮ ಅನ್ನುತ್ತೆ. ಮೊದಲ ದಿನದಿಂದ ಇಲ್ಲೇ ಇಡ್ತಿದೀನಿ."

"ಮೊದಲ ದಿನ ಅಂದ್ರೆ? ದೀಪ ಹತ್ತೋಕೆ ಮುಂಚೆನಾ, ಆಮೇಲಾ?"

ಚಿಕ್ಕಮ್ಮ ಲೆಕ್ಕ ಹಾಕಿದ್ಳು. "ಮುಂಚೆ" ಅಂದ್ಳು, ಇರುವೆ ಮಾತಾಡ್ದಂಗೆ.

ಧೂಪದಾನಿ ಎಳೆದು ಆಚೆ ಇಟ್ಟೆ. ಬ್ಯಾಟರಿ ವಯರ್ ಬಿಚ್ಚಿ, ಒಂದು ಬಟ್ಟಲು ಕಾವಾ ಕಾಫಿ ಕುಡಿದು, ಎರಡು ಖರ್ಜೂರ ತಿಂದೆ. ತಮಾಷೆಗಲ್ಲ. ಬಿಚ್ಚಿದ ಮೇಲೂ ಒಳಗೆ ಒಂಚೂರು ಕರೆಂಟು ಉಳ್ಕೊಂಡಿರುತ್ತೆ, ಅದು ಇಳಿಯೋವರೆಗೂ ಕೈ ಹಾಕಬಾರ್ದು. ಆಮೇಲೆ ಸೀಟು ಕಿತ್ತು ಅಂಗಾತ ಮಲಗಿಸ್ದೆ. ಹಿಂದಿನ ದಿನ ನಾನು ಕಪ್ಲರ್ ಅಷ್ಟೇ ನೋಡಿದ್ದೆ, ಮೇಲೆ ಕತ್ತೆತ್ತಿರ್ಲಿಲ್ಲ. ಅಲ್ಲಿ ಎರಡು ಹಳದಿ ವಯರು ಕೆಂಡದ ಕಾವಿಗೆ ಸಿಪ್ಪೆ ಕರಗಿ ಒಂದಕ್ಕೊಂದು ತಬ್ಕೊಂಡಿದ್ವು, ಮದ್ವೆ ಅವುಗಳದ್ದೇ ಅನ್ನೋ ಹಂಗೆ. ನಾನು ಸೀಟು ಜಗ್ಗಿದಾಗ ಬಿಟ್ಕೊಂಡಿರ್ಬೇಕು, ಅದಕ್ಕೇ ದೀಪ ಆರಿದ್ದು. ಚಿಕ್ಕಮ್ಮ ಮತ್ತೆ ಕೆಂಡ ಇಟ್ಟಾಗ ಮತ್ತೆ ತಬ್ಕೊಂಡ್ವು.

"ಕರೆಂಟ್ ಅಳೆಯೋ ಮೀಟ್ರು ಇಟ್ಟು ಚೀಲಾನೂ ನೋಡ್ಬಿಡು" ಅಂದ ಜಹ್ರಾನ್.

"ಇಟ್ರೆ ಮೀಟ್ರಿನ ಕರೆಂಟಿಗೇ ಅದು ಇಲ್ಲೇ ಸಿಡಿದು ನಿನ್ನನ್ನ ಒಂದೇ ಏಟಿಗೆ ನಿಜ್ವಾಗೆ ಕಳಿಸುತ್ತೆ. ಗಾಡಿ ಖರ್ಚೂ ಇಲ್ಲ."

ಏರ್‌ಬ್ಯಾಗಿನ ಕಪ್ಲರ್ ಬಿಚ್ಚಿಟ್ಟು, ವಯರನ್ನ ಮಾತ್ರ ಅಳೆದೆ. ಬೆಂದ ಭಾಗ ಕತ್ತರಿಸಿ, ಅಷ್ಟೇ ದಪ್ಪದ ಹೊಸ ವಯರು ಬೆಸೆದು, ಮೇಲೆ ಪ್ಲಾಸ್ಟಿಕ್ ಕೊಳವೆ ಹಾಕಿ, ಬಟ್ಟೆ ಟೇಪು ಸುತ್ತಿ, ನೆಲದಿಂದ ದೂರಕ್ಕೆ ಎತ್ತಿ ಕಟ್ಟಿದೆ. ಕಪ್ಲರ್, ಸೀಟು, ಬ್ಯಾಟರಿ ಎಲ್ಲಾ ವಾಪಸ್ ಜೋಡಿಸಿ ದೋಷ ಅಳಿಸ್ದೆ. ಚಿಕ್ಕಮ್ಮ ಬಾಗ್ಲಲ್ಲಿ ಮುಸುಕಿನ ತುದಿ ಹಿಂಡ್ತಾ ನಿಂತಿದ್ಳು.

"ಖಲ್ಫಾನ್, ಬೀಗ್ರಿಗೆ ಹೇಳ್ಬೇಡ್ವೋ. ಅತ್ತೇನೇ ಸೊಸೆ ಸೀಟಿಗೆ ಬೆಂಕಿ ಇಟ್ಳು ಅಂತಾರೆ."

ಸಂಜೆಗೆ ಮುಂಚಿನ ಅಸರ್ ಪ್ರಾರ್ಥನೆ ಮುಗಿಸಿ ದಿಬ್ಬಣ ಹೊರಡ್ತು. ನಾನೂ ಹತ್ತಿದೆ. ನಿಜ್ವಾದಲ್ಲಿ ಖಸೀಬ್ ಮಾವ ಬಾಗ್ಲಲ್ಲೇ ನಿಂತಿದ್ರು. ಅಳಿಯನಿಗೆ ಸಲಾಂ ಅಂದೋರೇ ಗಾಡಿ ಒಳಗೆ ಕೂತ್ರು.

"ಆಫ್ ಮಾಡಿ ಮತ್ತೆ ಕೀಲಿ ತಿರುಗ್ಸು."

ಜಹ್ರಾನ್ ತಿರುಗಿಸ್ದ. ಕಲ್ಲಂಗಡಿ ಮನುಷ್ಯ ಕೆಂಪಗೆ ಹತ್ಕೊಂಡ. ದಿಬ್ಬಣದ ಹಾಡೇ ನಿಂತೋಯ್ತು. ಪಕ್ಕದಲ್ಲಿ ಮೇಕೆ ಪಿಕಪ್ಪು ತೊಳೆದು ನಿಲ್ಲಿಸಿದ್ರು. ಜಹ್ರಾನ್ ಅದನ್ನ ನೋಡಿ ಕಣ್ಣು ಮುಚ್ಕೊಂಡ.

ಅಷ್ಟರಲ್ಲಿ ದೀಪ ಆರ್ತು. ಆಮೇಲೆ ಹತ್ಲೇ ಇಲ್ಲ.

"ಹಾಂ" ಅಂದ್ರು ಮಾವ. "ಹತ್ತದೇ ಇದ್ದಿದ್ರೆ ಬಲ್ಬ್ ಕಿತ್ತಿದೀರಿ ಅಂತಿದ್ದೆ. ಹತ್ತಿ ಆರ್ಬೇಕು, ಅದು ಸರಿ. ಏನಾಗಿತ್ತು?"

ಚಿಕ್ಕಮ್ಮ ನನ್ನನ್ನೇ ನೋಡಿದ್ಳು.

"ಜಿನ್ನು ಮಾವ. ಸೀಟಿನ ಕೆಳಗೆ ಮನೆ ಮಾಡ್ಕೊಂಡಿತ್ತು. ಕೈಯಲ್ಲಿ ಕೆಂಡ ಬೇರೆ. ಎರಡು ಗಂಟೆ ಕುಸ್ತಿ ಆಡಿ ಎಳೆದಾಕ್ದೆ."

ಮಾವ ಬಗ್ಗಿ ಸೀಟು ಮೂಸಿದ್ರು. ಚಿಕ್ಕಮ್ಮನ ಮುಖ ನೋಡಿದ್ರು. ಗಡ್ಡದೊಳಗೇ ನಕ್ಕು, "ಒಳ್ಳೇ ಮನೆತನದ ಜಿನ್ನು. ಸಲಾಲಾದ ಒಂದನೇ ದರ್ಜೆ ಲೋಬಾನ ಬಳಸುತ್ತೆ. ಇನ್ಮೇಲೆ ಧೂಪಾನ ಗಾಡಿ ಹೊರಗೆ ಹಾಕು ಅಂತ ಅದಕ್ಕೆ ಹೇಳಿ ಬೀಗಿತಿ" ಅಂದ್ರು.

"ಹೇಳ್ತೀನಿ ಬೀಗ್ರೇ" ಅಂದ್ಳು ಚಿಕ್ಕಮ್ಮ, ಕೆಂಪಗಾಗಿ.

ಮಗಳನ್ನ ಕೈ ಹಿಡಿದು ತಂದು ಆ ಸೀಟಲ್ಲಿ ಮಾವನೇ ಕೂರಿಸಿ, ಬೆಲ್ಟೂ ಅವರೇ ಹಾಕಿದ್ರು. ಚಿಕ್ಕಮ್ಮ ಧೂಪದಾನಿ ಹಿಡ್ಕೊಂಡು ಗಾಡಿಗೆ ಒಂದು ಮಾರು ದೂರದಿಂದ ಸುತ್ತು ಹಾಕಿದ್ಳು. ಹೊಗೆ ಎಲ್ಲಾ ಪಕ್ಕದ ಪಿಕಪ್ಪಿಗೆ ಹೋಯ್ತು. ಮಾವನ ಮೇಕೆಗಳು ಇವತ್ತಿಗೂ ಮದುಮಕ್ಕಳ ಥರ ಘಮ್ಮಂತವೆ. ಬೇಕಾದ್ರೆ ಹೋಗಿ ಮೂಸಿ ನೋಡಿ.