ರಂಗೂನಿಗೆ ಹೋದ ತೂಗುಮಣೆ

ಬರ್ಮಾ ಎಂದರೆ ತೇಗದ ನಾಡು. ಅಂಥ ನಾಡಿಗೆ ಸಂಡೂರು ಗುಡ್ಡದ ಹೊನ್ನೆ ಮರದ ಸಾಮಾನು ಹೊತ್ತುಕೊಂಡು ಹೋದ ಪುಣ್ಯಾತ್ಮ ನಾನೊಬ್ಬನೇ ಇರಬೇಕು. ಹೊಸಪೇಟೆ ಸ್ಟೇಷನ್ನಿನಲ್ಲಿ ಪೆಟ್ಟಿಗೆಗಳನ್ನು ರೈಲಿಗೆ ಏರಿಸುವಾಗ ಅಲ್ಲಿನ ಗುಮಾಸ್ತ ನನ್ನ ಮುಖ ನೋಡಿ ನಕ್ಕ. ನಗಲಿ ಬಿಡಿ, ಮಾಡಿಸಿದವರಿಗೆ ಬೇಕಾಗಿದ್ದದ್ದು ಊರ ಹೊನ್ನೆಯೇ.

ಮಾಡಿಸಿದವರು ಕಂಪ್ಲಿಯ ತೋಟಪ್ಪ ಸಾಹುಕಾರರು. ರಂಗೂನಿನಲ್ಲಿ ಅಕ್ಕಿ ವ್ಯಾಪಾರ ಕುದುರಿ ಸ್ವಂತ ಮನೆ ಕಟ್ಟಿಸಿದ್ದರು. ಆ ಮನೆಯ ಪಡಸಾಲೆ ಕಂಪ್ಲಿ ಮನೆಯ ಪಡಸಾಲೆಯ ಹಾಗೇ ಇರಬೇಕೆಂದು ಅವರ ಹಟ. ಅದೇ ತೂಗುಮಣೆ, ಅದೇ ಗಿಳಿ ಕೆತ್ತಿದ ಕಪಾಟು, ನಡುಮನೆಗೆ ಹೋಗುವ ಅದೇ ಬಾಗಿಲು, ಹೊಸ್ತಿಲು ಸಮೇತ. ಹೆಂಡತಿ ಕೊಟ್ರಬಸಮ್ಮನಿಗೆ ಊರ ಚಿಂತೆ ಹತ್ತಿದೆ, ಊರನ್ನೇ ತಂದು ಮುಂದಿಟ್ಟರೆ ಗೆಲುವಾಗುತ್ತಾಳೆ ಎಂದು ಅವರು ನಂಬಿದ್ದರು.

ಚಿತ್ತವಾಡ್ಗಿಯಲ್ಲಿ ಮರಗೆಲಸ ಮಾಡಿಸುವವನು ನಾನು. ಉಳಿ ಹಿಡಿಯಲು ಬಡಿಗೇರ ಮೋನಪ್ಪ ಇದ್ದಾನೆ, ಅವನನ್ನು ಬೈಯಲು ನಾನಿದ್ದೇನೆ. ಇಬ್ಬರೂ ಅಳತೆಗೆಂದು ಕಂಪ್ಲಿಗೆ ಹೋದಾಗ ಸಾಹುಕಾರರ ತಾಯಿ ಎರ್ರಮ್ಮನವರು ತೂಗುಮಣೆಯ ಮೇಲೆ ಕೂತಿದ್ದರು. ಏಳಲಿಲ್ಲ.

“ನಾ ಕುಂತಾಗಲೇ ಅಳಿ, ಜಡೆಪ್ಪ. ನನ್ನ ಕಾಲು ನೆಲಕ್ಕ ಸರಿಯಾಗಿ ಹತ್ತ್ಯಾವಿಲ್ಲೋ? ಅಲ್ಲೂ ಹಂಗೇ ಇರ್ಬೇಕು. ಒಂದು ಬೆರಳು ಹೆಚ್ಚುಕಮ್ಮಿ ಆಗಬಾರ್ದು.”

“ಆಗೂದಿಲ್ರಿ ಅವ್ವಾರ,” ಎಂದು ಮಾತು ಕೊಟ್ಟೆ. ತೂಗುಮಣೆಯ ಎತ್ತರಕ್ಕೆ ಬೇರೆ ಶಾಸ್ತ್ರವೇನಿಲ್ಲ. ಕೂರುವವರ ಪಾದ ಪೂರ್ತಿ ನೆಲ ಮುಟ್ಟಬೇಕು, ಅಷ್ಟೇ. ಎರ್ರಮ್ಮನವರು ಗಂಡಸರಿಗಿಂತ ಎತ್ತರದ ಹೆಂಗಸು, ಹಾಗಾಗಿ ಮಣೆಯೂ ಎತ್ತರವಾಗಿತ್ತು. ಅವರ ಕಿರಿಯ ಸೊಸೆ ನಮಗೆ ನೀರು ತಂದು, ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು, ಕದದ ಹಿಂದೆ ನಿಂತಳು. ಅತ್ತೆ ಪಡಸಾಲೆಯಲ್ಲಿದ್ದರೆ ಸೊಸೆ ಆ ಹೊಸ್ತಿಲು ದಾಟುವ ರೂಢಿ ಇಲ್ಲ, ಕೂರುವ ಮಾತಂತೂ ದೂರ. ನಾನು ನೀರು ಕುಡಿದು ನನ್ನ ಅಳತೆ ನೋಡಿಕೊಂಡೆ.

ಮದ್ರಾಸಿನಿಂದ ಹಡಗು. ಮೋನಪ್ಪನೂ ನಾನೂ ತಿಂದದ್ದೆಲ್ಲ ಸಮುದ್ರದ ಪಾಲಾಯಿತು. ರಂಗೂನಿನಲ್ಲಿ ಇಳಿದಾಗ ನೆಲವೇ ಓಲಾಡುತ್ತಿತ್ತು.

ಸಾಹುಕಾರರು ಹಿಂದಿನ ಕೋಣೆಗಳಲ್ಲಿ ಆಗಲೇ ಸಂಸಾರ ಹೂಡಿದ್ದರು, ಮುಂದಿನ ಪಡಸಾಲೆ ಮಾತ್ರ ಖಾಲಿ. ನಾವು ಪೆಟ್ಟಿಗೆ ಬಿಚ್ಚತೊಡಗಿದ್ದೇ ತಡ, ಕೊಟ್ರಬಸಮ್ಮ ಚಹಾ ತಂದರು. ಗಿಡ್ಡನೆಯ, ಚುರುಕು ಕಣ್ಣಿನ ಹೆಂಗಸು. ತಾವೂ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತು ಮಾತಿಗೆ ಶುರು ಮಾಡಿದರು. ಅವರ ತವರು ಎಮ್ಮಿಗನೂರು. “ನಮ್ಮ ಕಡಿ ನಾಟಿ ಆತೇನ್ರಿ ಅಣ್ಣಾರ? ಹೊಳಿ ಎಷ್ಟು ಬಂದಿತ್ರಿ?” ಎಂದು ಒಂದೇ ಸಮನೆ ಕೇಳಿದರು. ಕಪಾಟು ನಿಲ್ಲಿಸಿದಾಗ ಅದರ ಗಿಳಿಯನ್ನು ನೋಡಿ, “ಮೋನಪ್ಪ, ಇದು ಗಿಳಿಯೋ ಕಾಗಿಯೋ?” ಎಂದು ನಕ್ಕರು. ಮೋನಪ್ಪನ ಮುಖ ಸಣ್ಣದಾಯಿತು. ದಿನಾ ಹೀಗೇ ಬರುವರು, ಕೂರುವರು, ನಮ್ಮ ಕೆಲಸದಲ್ಲಿ ಕೊಂಕು ತೆಗೆಯುವರು. ನನಗೆ ಅವರ ಮಾತು ಕೇಳುವುದೇ ಒಂದು ಖುಷಿಯಾಗಿತ್ತು.

ಆಮೇಲೆ ನಡುಬಾಗಿಲು ಕೂರಿಸಿದೆವು. ಹೊಸ್ತಿಲು ಹಾಕಿ, ಕದ ಏರಿಸಿ, ಅಗಳಿ ಬಿಗಿದೆವು. ಮರುದಿನ ಬೆಳಿಗ್ಗೆ ಕೊಟ್ರಬಸಮ್ಮ ಚಹಾ ತಂದವರು ಹೊಸ್ತಿಲ ಹತ್ತಿರ ನಿಂತುಬಿಟ್ಟರು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಕದದ ಹಿಂದೆ ಸರಿದರು. ಸೀರೆಯ ಅಂಚಷ್ಟೇ ಕಾಣುತ್ತಿತ್ತು.

“ಬರ್ರಿ ಅವ್ವಾರ, ಕುಂದ್ರಿ,” ಎಂದೆ.

“ಬ್ಯಾಡ್ರಿ. ಇಲ್ಲೇ ಇರ್ತೀನಿ.”

ಕಂಪ್ಲಿಯ ಆ ತಂಬಿಗೆ ನನಗೆ ಆಗ ನೆನಪಾಯಿತು. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಮೋನಪ್ಪನ ಮೇಲೆ ಹರಿಹಾಯ್ದೆ.

ಕೊನೆಗೆ ಉಳಿದದ್ದು ತೂಗುಮಣೆ. ಅದನ್ನು ತೂಗಿಹಾಕಿದ ಸಂಜೆ ಸಾಹುಕಾರರು ಅಂಗಡಿಯಿಂದ ಬಂದು, ಸರಪಳಿ ಮುಟ್ಟಿ, ಮಣೆ ತಡವಿ, “ಥೇಟ್ ಅವ್ವನ ಮಣಿ!” ಎಂದು ಕಣ್ಣು ಒರೆಸಿಕೊಂಡರು. ನನಗೂ ಹೆಮ್ಮೆ ಅನಿಸಿತು, ಸುಳ್ಳೇಕೆ ಹೇಳಲಿ. ಒಂದು ಬೆರಳೂ ತಪ್ಪಿರಲಿಲ್ಲ. ಅಲ್ಲಿಗೇ ಕೈ ತೊಳೆದುಕೊಂಡು ಹಡಗು ಹತ್ತಬಹುದಿತ್ತು. ಆದರೆ ಆ ಸೀರೆಯ ಅಂಚು ಕದದ ಹಿಂದೆಯೇ ಇತ್ತು.

“ಸಾವ್ಕಾರ್ರ, ಕುಂತು ನೋಡದೇ ನಾವು ತೂಗುಮಣಿ ಒಪ್ಪಿಸೂದಿಲ್ರಿ. ಅವ್ವಾರನ್ನ ಕರೀರಿ,” ಎಂದೆ.

“ಅಕಿ ಯಾಕ? ನಾ ಕುಂದರ್ತೀನಿ.”

“ನೀವು ಹಗಲೆಲ್ಲಾ ಅಂಗಡ್ಯಾಗ ಇರ್ತೀರಿ. ಮನಿಯಾಗ ಇರೋರು ಕುಂದರ್ಬೇಕ್ರಿ.”

ಸಾಹುಕಾರರು ಕರೆದರು. ಕದದ ಹಿಂದಿನಿಂದಲೇ ಉತ್ತರ ಬಂತು. “ನಾ ಒಲ್ಲೆರಿ. ಅದು ಅತ್ತಿಯವರ ಜಾಗ.”

“ಅವ್ವ ಕಂಪ್ಲ್ಯಾಗ ಅದಾಳ. ಇಲ್ಲೆಲ್ಲಿ ಅತ್ತಿ?”

“ಬಾಗ್ಲ, ಮಣಿ ಬರೋಕಿಂತ ಮುಂಚೆ ಈ ಪಡಸಾಲ್ಯಾಗ ನನಗ ಬೇಕಾದಲ್ಲಿ ಕುಂದರ್ತಿದ್ದೆ. ಈಗ ಕಾಲು ಮುಂದ ಬರವಲ್ವು. ಅತ್ತಿಯವರನ್ನೂ ಹಡಗಿನ್ಯಾಗ ಕರ್ಕೊಂಡು ಬಂದಂಗಾಗೈತ್ರಿ.”

ಸಾಹುಕಾರರ ಮುಖ ಬಾಡಿತು. “ನಿನಗ ಊರು ನೆನಪಾಗ್ತೈತಿ ಅಂತಲ್ಲೇನ ಇಷ್ಟೆಲ್ಲಾ ಮಾಡ್ಸಿದ್ದು?”

“ನೆನಪಾಗ್ತೈತ್ರಿ. ಹೊಳಿ ನೆನಪಾಗ್ತೈತಿ, ನಮ್ಮಪ್ಪನ ಗದ್ದಿ ನೆನಪಾಗ್ತೈತಿ. ಈ ಕದದ ಹಿಂದ ನಿಂತದ್ದನ್ನ ಮಾತ್ರ ಮರೀಬೇಕು ಅಂತ ಮಾಡಿದ್ದೆ.”

ಸಾಹುಕಾರರು ಅಲ್ಲಿದ್ದ ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ನನಗೆ ಇಬ್ಬರ ಮೇಲೂ ಮರುಕ ಹುಟ್ಟಿತು. ಆ ಮನುಷ್ಯ ಕೆಟ್ಟವನಲ್ಲ. ತಾಯಿಯ ಪಡಸಾಲೆಯಲ್ಲಿ ಆಡಿ ಬೆಳೆದವನು, ಹೆಂಡತಿಗೂ ಅದೇ ಸ್ವರ್ಗ ಎಂದುಕೊಂಡಿದ್ದ.

“ಅವ್ವಾರ,” ನಾನೇ ಬಾಯಿ ಹಾಕಿದೆ, “ನೀವು ಕುಂದರ್ಲಿಲ್ಲಂದ್ರ ನನ್ನ ಕೆಲಸ ಮುಗಿಯಂಗಿಲ್ಲ. ನಾನೂ ಮೋನಪ್ಪನೂ ನಿಮ್ಮನ್ಯಾಗ ಉಂಡ್ಕೊಂತ ಇಲ್ಲೇ ಬೀಳ್ತೀವಿ ನೋಡ್ರಿ. ಇವಾ ಉಣ್ಣೂದು ನೋಡೀರಲ್ಲ?”

ಕದದ ಹಿಂದೆ ಸಣ್ಣ ನಗು ಕೇಳಿತು. ಸಾಹುಕಾರರು ಎದ್ದು ಹೋಗಿ ಮಣೆ ಅಲುಗದಂತೆ ಸರಪಳಿ ಹಿಡಿದು ನಿಂತರು. “ಬಾ,” ಎಂದರು ಮೆಲ್ಲಗೆ. ಕೊಟ್ರಬಸಮ್ಮ ಹೊಸ್ತಿಲು ದಾಟಿದರು. ಮಣೆಯ ತುದಿ ಹಿಡಿದು, ಸ್ವಲ್ಪ ಎಗರಿ ಕೂತರು.

ಕಾಲು ನೆಲಕ್ಕೆ ಮುಟ್ಟಲಿಲ್ಲ. ಬಂಡಿಯ ಅಂಚಿನಲ್ಲಿ ಕೂತ ಮಕ್ಕಳ ಕಾಲಿನ ಹಾಗೆ ಗಾಳಿಯಲ್ಲಿ ನೇತಾಡುತ್ತಿದ್ದವು. ಸಾಹುಕಾರರು ಆ ಕಾಲುಗಳನ್ನೇ ನೋಡುತ್ತ ನಿಂತರು.

“ಮೋನಪ್ಪಾ, ಕೊಂಡಿ ಇಳಿಸು,” ಎಂದೆ.

“ಅಳತಿ ಕೆಡ್ತೈತಲ್ರಿ? ಎರ್ರಮ್ಮಾರಿಗೆ ಮಾತು ಕೊಟ್ಟೀರಿ.”

“ಕೆಡ್ಲಿ ಬಿಡಲೇ.”

ಸರಪಳಿಯನ್ನು ಒಂದು ಕೊಂಡಿ ಇಳಿಸಿದೆವು. ಸಾಲಲಿಲ್ಲ. ಇನ್ನೊಂದು ಇಳಿಸಿದೆವು. ಆಗ ಕೊಟ್ರಬಸಮ್ಮನ ಪಾದ ಪೂರ್ತಿ ನೆಲಕ್ಕೆ ಕೂತಿತು. ಕಾಲಿನಿಂದ ಮೆಲ್ಲಗೆ ನೆಲ ಒತ್ತಿದರು. ಮಣೆ ತೂಗಿತು.

ಊರಿಗೆ ಮರಳಿದ ಮೇಲೆ ಕಂಪ್ಲಿಗೆ ಹೋಗದೆ ವಿಧಿಯಿರಲಿಲ್ಲ. ಎರ್ರಮ್ಮನವರು ತಮ್ಮ ಮಣೆಯ ಮೇಲೇ ಇದ್ದರು. ಕಿರಿಯ ಸೊಸೆ ತಂಬಿಗೆ ಇಟ್ಟು ಕದದ ಹಿಂದೆ ನಿಂತಳು.

“ನನ್ನ ಮಣಿ ಹೆಂಗೈತೋ ಹಂಗೇ ಹಾಕಿದ್ಯಾ, ಜಡೆಪ್ಪ?”

“ಹಂಗೇ ಹಾಕೀನ್ರಿ ಅವ್ವಾರ. ಆದ್ರ ಎರಡು ಕೊಂಡಿ ಇಳಿಸಬೇಕಾತು. ನಿಮ್ಮ ದೊಡ್ಡ ಸೊಸಿಯವರ ಕಾಲು ನೆಲಕ್ಕ ಹತ್ಲಿಲ್ರಿ.”

ಬೈಗುಳಕ್ಕೆ ತಯಾರಾಗಿ ನಿಂತೆ. ಎರ್ರಮ್ಮನವರು ಕಾಲೂರಿ ಮಣೆ ನಿಲ್ಲಿಸಿದರು. ಕದದ ಕಡೆಗೊಮ್ಮೆ ನೋಡಿದರು.

“ಹತ್ತು ವರ್ಸ ನನ್ನ ಮನ್ಯಾಗ ಇದ್ಲು ಅಕಿ,” ಎಂದರು. “ಕಾಲು ಅಷ್ಟು ಗಿಡ್ಡ ಅಂತ ನನಗ ಗೊತ್ತೇ ಇದ್ದಿಲ್ಲ ನೋಡು. ಅಕಿ ಕುಂತದ್ದನ್ನ ನಾ ಯಾವಾಗ ನೋಡೀನಿ?”