ಹಾಳೆಯ ಕೆಳಗಿನ ಕೈ

ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಕಾರಿನ ಬಾನೆಟ್ಟಿನ ಬಲಬದಿಗೆ ಬರುತ್ತಿದ್ದಂತೆ ಇಸ್ರಾರ್ ಹುಲಿಗೇಶನ ಮಣಿಕಟ್ಟು ಹಿಡಿದುಬಿಟ್ಟ.

“ಅಲ್ಲಿ ಬ್ಯಾಡಣ್ಣಾ.”

ಹುಲಿಗೇಶ ಬಟ್ಟೆ ಪಕ್ಕಕ್ಕಿಟ್ಟ. ನವಲಗುಂದದ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದು ರೇಡಿಯಂ ಅಂಗಡಿ. ಬೈಕಿನ ನಂಬರಿನಿಂದ ಹಿಡಿದು ಟ್ರ್ಯಾಕ್ಟರಿನ ಹಿಂದಿನ ದೇವರ ಹೆಸರಿನವರೆಗೆ ಎಲ್ಲ ಅವನೇ ಕತ್ತರಿಸಿ ಅಂಟಿಸುವವನು. ಗಿರಾಕಿಗಳ ಹುಚ್ಚಾಟಗಳನ್ನು ಸಾಕಷ್ಟು ಕಂಡವನು. ಆದರೆ ಬಾನೆಟ್ಟಿನ ಮೇಲೆ ಏನಿದೆಯೆಂದು ಬಗ್ಗಿ ನೋಡಿದ ಮೇಲೆ ಅವನಿಗೂ ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಅಲ್ಲೊಂದು ಅಂಗೈ ಇತ್ತು. ಎಂಟು ವರ್ಷದ ಹಿಂದೆ ಇಸ್ರಾರ್ ಈ ಬಿಳಿ ಕಾರು ಕೊಂಡಾಗ ಮೊದಲು ಯಮನೂರಿನ ದರ್ಗಾಕ್ಕೆ ಒಯ್ದಿದ್ದ. ಮನೆಗೆ ಬಂದ ಮೇಲೆ ಅವನ ತಾಯಿ ರಾಜಮಾಬಿ ಗಂಧದಲ್ಲಿ ಬಲಗೈ ಅದ್ದಿ ಬಾನೆಟ್ಟಿನ ಮೇಲೆ ಒತ್ತಿದ್ದಳು. ಅದನ್ನು ತೊಳೆಯಲು ಯಾರಿಗೂ ಮನಸ್ಸಾಗಲಿಲ್ಲ. ಬಿಸಿಲು ಅದನ್ನು ಬಣ್ಣದೊಳಕ್ಕೇ ಇಳಿಸಿತು. ಇಸ್ರಾರನಿಗೆ ದಿನಾ ಗಾಡಿ ತೊಳೆಯುವ ಚಟ, ಆದರೆ ಬಲಬದಿಗೆ ಬಂದರೆ ನೀರಿನ ಪೈಪು ತಾನಾಗಿಯೇ ಆಚೆ ಹೊರಳುತ್ತಿತ್ತು. ರಾಜಮಾಬಿ ನಲವತ್ತು ವರ್ಷ ಮಗ್ಗದ ಮುಂದೆ ಕೂತು ಜಮಖಾನೆ ನೇಯ್ದವಳು. ನೂಲು ಕೂಡಿಸಲು ಕಬ್ಬಿಣದ ಹಣಿಗೆ ಬಡಿದೂ ಬಡಿದೂ ಅವಳ ಕಿರುಬೆರಳು ಒಳಕ್ಕೆ ಸೊಟ್ಟಗಾಗಿತ್ತು. ಬಾನೆಟ್ಟಿನ ಮೇಲಿನ ಕಿರುಬೆರಳೂ ಹಾಗೇ ಸೊಟ್ಟಗಿತ್ತು. ಅವಳು ಹೋಗಿ ಮೂರು ವರ್ಷ. ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದಳು. ಆಧಾರ್ ಕಾರ್ಡಿನಲ್ಲಿದ್ದ ಮುಖ ತನ್ನದೆಂದು ಅವಳೇ ಒಪ್ಪುತ್ತಿರಲಿಲ್ಲ. ಮಗನ ಪಾಲಿಗೆ ಉಳಿದದ್ದು ಈ ಕೈ ಒಂದೇ.

ಕಾರು ತಾಲೂಕಿನ ಒಂದು ಕಚೇರಿಗೆ ಬಾಡಿಗೆಗೆ ಓಡುತ್ತಿತ್ತು. ಈ ಬೇಸಿಗೆಯಲ್ಲಿ ಬಾನೆಟ್ಟಿನ ಬಣ್ಣ ಸುಣ್ಣದ ಗೋಡೆಯ ಹಾಗೆ ಉದುರತೊಡಗಿತು. ಗಾಡಿಗಳ ಉಸ್ತುವಾರಿ ನೋಡುವ ಶಂಭುಲಿಂಗಪ್ಪನವರು, ತಪಾಸಣೆಗೆ ಮೊದಲು ಮುಂಭಾಗ ಸರಿ ಮಾಡಿಸಿಕೋ, ಇಲ್ಲದಿದ್ದರೆ ಬೇರೆ ಗಾಡಿ ಬರುತ್ತದೆ ಎಂದು ಹೇಳಿದ್ದರು. ಪೇಂಟರ್ ಬಾಷಾಸಾಬ ನೋಡಿ, ತಗಡು ಕಾಣುವವರೆಗೆ ಉಜ್ಜದೆ ಹೊಸ ಬಣ್ಣ ನಿಲ್ಲುವುದಿಲ್ಲ ಎಂದ. ಉಜ್ಜಿದರೆ ಕೈ ಹೋಗುತ್ತದೆ. ಹಾಗಾಗಿ ಇಸ್ರಾರ್ ಹುಲಿಗೇಶನ ಅಂಗಡಿಗೆ ಬಂದಿದ್ದ. ಬಣ್ಣ ಹಚ್ಚುವುದೇ ಬೇಡ, ಮೇಲೊಂದು ಹಾಳೆ ಹೊದಿಸಿಬಿಟ್ಟರೆ ಕೈ ಅದರ ಕೆಳಗೆ ತಣ್ಣಗೆ ಇರುತ್ತದೆ ಎಂಬುದು ಅವನ ಲೆಕ್ಕ.

ಹುಲಿಗೇಶ ಮೊದಲು ತೋರಿಸಿದ್ದು ಬಿಳಿ ಹಾಳೆಯನ್ನೇ. ಆದರೆ ಪಕ್ಕದಲ್ಲಿ ಕಾರ್ಬನ್ ಶೀಟಿನ ಸುರುಳಿ ನಿಂತಿತ್ತು. ಕಾರ್ಬನ್ ಎನ್ನುವುದು ಹೆಸರಿಗೆ, ಮುಟ್ಟಿದರೆ ಪ್ಲಾಸ್ಟಿಕ್ಕು. ಕಪ್ಪಗೆ ಮಿರಿಮಿರಿ ಮಿಂಚುವ ಅದರ ಮೈತುಂಬ ನೇಯ್ದಂಥ ಓರೆ ಗೆರೆಗಳು. ಹುಬ್ಬಳ್ಳಿಯಲ್ಲಿ ದೊಡ್ಡವರ ಕಾರುಗಳ ಮೇಲೆ ಇಸ್ರಾರ್ ಅದನ್ನು ನೋಡಿದ್ದ. ಎಂಟು ವರ್ಷ ಬೇರೆಯವರನ್ನು ಕೂರಿಸಿಕೊಂಡು ಓಡಿದವನಿಗೆ ತನ್ನ ಗಾಡಿಯೂ ಒಮ್ಮೆ ಚಂದ ಕಾಣಲಿ ಎನ್ನಿಸಿದರೆ ತಪ್ಪೇನು? ಅವ್ವ ಇದ್ದಿದ್ದರೆ ಬೆರಳಾಡಿಸಿ, ಇದರಲ್ಲಿ ಹಾಸು ಯಾವುದು ಹೊಕ್ಕು ಯಾವುದು ಎಂದು ಕೇಳಿ ನಗುತ್ತಿದ್ದಳು ಎಂದುಕೊಂಡ. ಕಪ್ಪು ಹಾಳೆಗೇ ಕೈ ತೋರಿಸಿದ.

“ಒರಸಲಿಲ್ಲಂದ್ರ ಗಮ್ ಹಿಡಿಯೂದು ಗಂಧಕ್ಕ, ಬಾನೆಟ್ಟಿಗಲ್ಲ,” ಎಂದ ಹುಲಿಗೇಶ. “ಮುಂದ ಹಾಳಿ ಕೀಳೂವಾಗ ಕೈನೂ ಕಿತ್ತ ಬರತೈತಿ ನೋಡಪಾ.”

“ಕೀಳಾವ್ರ ಯಾರಣ್ಣಾ?”

ಹುಲಿಗೇಶ ಮತ್ತೆ ಬಟ್ಟೆ ಎತ್ತಿಕೊಂಡ. ಅಂಗೈಯ ಸುತ್ತ ಮಾತ್ರ ಒರೆಸಿ, ಹಾಳೆ ಎಳೆದು, ಬಿಸಿಗಾಳಿ ಊದುವ ಗನ್ನು ಹಿಡಿದು, ಮಧ್ಯಾಹ್ನದೊಳಗೆ ಒಂದು ಗುಳ್ಳೆಯೂ ಇಲ್ಲದಂತೆ ಕೂರಿಸಿದ. ಅಂಚುಗಳನ್ನು ಒಳಮಡಿಚಿದ ರೀತಿ ನೋಡಿ ಪಕ್ಕದ ಚಹಾದಂಗಡಿಯವರೂ ಎದ್ದು ಬಂದರು. ಹೊಸ ಗಾಡೀನೇನು ಎಂದು ಒಬ್ಬರು ಕೇಳಿದರು. ಇಸ್ರಾರ್ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಆ ಸಂತೋಷ ಒಂಬತ್ತು ದಿನ ಬಾಳಿತು.

ತಪಾಸಣೆಗೆ ಒಂದು ದಿನ ಮೊದಲು, ಬೆಳಿಗ್ಗೆ, ಶಂಭುಲಿಂಗಪ್ಪನವರು ಸಾಲಾಗಿ ನಿಂತ ಐದು ಗಾಡಿಗಳನ್ನು ನೋಡುತ್ತ ಬಂದು ಇಸ್ರಾರನ ಗಾಡಿಯ ಮುಂದೆ ನಿಂತರು. ಕೆಟ್ಟ ಮನುಷ್ಯರಲ್ಲ ಅವರು. ಇಸ್ರಾರನ ಮದುವೆಗೆ ಬಂದು ಉಂಡು ಹೋದವರು. ಬಾಡಿಗೆ ಗಾಡಿ ಬಿಳಿಯೇ ಇರಬೇಕು, ಕಂಪನಿಯ ಬಣ್ಣವೇ ಇರಬೇಕು, ಮೇಲೆ ಯಾವ ಹಾಳೆಯೂ ಇರಬಾರದು ಎಂದು ಕಾಗದ ಬಂದಿದೆ ಎಂದರು. ಕಪ್ಪಿನ ಮೇಲೇ ಬಿಳಿ ಹಾಳೆ ಹೊದಿಸಲೇ ಎಂದು ಇಸ್ರಾರ್ ಕೇಳಿದ. ಬರುವವರು ಉಗುರಿನಿಂದ ಕೆರೆದು ನೋಡುವ ಜನ, ಈಗಾಗಲೇ ಈ ಕಪ್ಪು ಬಾನೆಟ್ಟಿನ ಮಾತು ಅವರ ಕಿವಿಗೆ ಬಿದ್ದಿದೆ ಎಂದರು ಶಂಭುಲಿಂಗಪ್ಪನವರು. ಅಲ್ಲಿಗೆ ಇಸ್ರಾರನಿಗೆ ತನ್ನ ತಪ್ಪು ತಿಳಿಯಿತು. ಮೊದಲೇ ಬಿಳಿಯದು ಹಾಕಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಚಂದ ಕಾಣಬೇಕೆಂಬ ಆಸೆಯೇ ಅವನಿಗೆ ಮುಳುವಾಯಿತು.

“ಅದರ ಬುಡಕ ನಮ್ಮವ್ವನ ಕೈ ಐತ್ರಿ ಸಾಹೇಬ್ರ.”

ಶಂಭುಲಿಂಗಪ್ಪನವರಿಗೆ ಆ ಕೈ ಗೊತ್ತಿತ್ತು. ಎಷ್ಟೋ ಸಲ ಅದರ ಪಕ್ಕದಲ್ಲೇ ಫೈಲು ಇಟ್ಟು ಸಹಿ ಹಾಕಿದ್ದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

“ನನ್ನ ಕೈಯಾಗ ಏನೈತೋ ಇಸ್ರಾರ್,” ಎಂದರು. “ನಾಳೆ ಹತ್ತಕ್ಕ ಅವ್ರು ಬರತಾರ.”

ಹುಲಿಗೇಶ ಅಂದು ಬೇರೆ ಕೆಲಸವನ್ನೆಲ್ಲ ಬದಿಗಿಟ್ಟ. ಬಿಸಿಲಿಗೆ ಗಮ್ ಮೆತ್ತಗಾಗಲೆಂದು ಕಾರನ್ನು ಓಣಿಯ ನಡುವೆ ನಿಲ್ಲಿಸಿ, ಎಡಬದಿಯಿಂದ ಶುರು ಮಾಡಿದ. ಒಂದು ಕೈಯಲ್ಲಿ ಬಿಸಿಗಾಳಿ, ಇನ್ನೊಂದರಲ್ಲಿ ಹಾಳೆಯ ಮೂಲೆ. ಎಳೆಯುವುದು ಎನ್ನುವುದಕ್ಕಿಂತ, ನಿದ್ದೆ ಹೋದ ಕೂಸಿನ ಮೈಯಿಂದ ಅಂಗಿ ಬಿಚ್ಚುವ ಹಾಗೆ ಬಿಡಿಸುತ್ತಿದ್ದ. ಎಡಬದಿ ಪೂರ್ತಿ ಬಿಟ್ಟುಕೊಂಡಿತು. ಅಲ್ಲಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಎದ್ದಿತ್ತು, ಅಷ್ಟೆ. ನಡುವಿನ ಭಾಗವೂ ಬಿಟ್ಟಿತು. ಇಸ್ರಾರನಿಗೆ ಆಸೆ ಹುಟ್ಟಿತು. ಹಾಗೆ ಹುಟ್ಟಿದ್ದೇ ಅನ್ಯಾಯ. ಕಾರಿನ ಸುತ್ತ ಬಂದು ಬಲಬದಿಯಲ್ಲಿ ಮಂಡಿಯೂರಿ ಕೂತ.

ಗಂಧದ ಜಾಗ ಬಂದಾಗ ಹಾಳೆ ಒಂದು ಗಳಿಗೆ ನಿಂತಿತು. ಹುಲಿಗೇಶ ಇನ್ನಷ್ಟು ಬಿಸಿ ಹಿಡಿದ. ಹಪ್ಪಳ ಮುರಿದಂಥ ಸಣ್ಣ ಸದ್ದಾಯಿತು. ಮುಂದೆ ಯಾವ ಪ್ರಯಾಸವೂ ಇರಲಿಲ್ಲ. ಎಂಟು ವರ್ಷ ಗಂಧ ಕುಡಿದು ಮೆತ್ತಗಾಗಿದ್ದ ಬಣ್ಣ ತಗಡನ್ನು ಬಿಟ್ಟು ಹಾಳೆಯ ಜೊತೆಗೆ ಎದ್ದು ಬಂತು.

ಬಾನೆಟ್ಟಿನ ಮೇಲೆ ಒಂದು ಬೂದು ಕಲೆ ಉಳಿಯಿತು. ಅದು ಕೈಯ ಹಾಗೂ ಇರಲಿಲ್ಲ. ಬೆರಳುಗಳ ನಡುವಿನ ಬಣ್ಣವೂ ಹೋಗಿತ್ತು.

ಹುಲಿಗೇಶ ಹಾಳೆಯನ್ನು ತಿರುಗಿಸಿ ಹಿಡಿದ. ಗಮ್ಮಿನ ಮೇಲೆ ಬಣ್ಣದ ಬಿಲ್ಲೆ ಬೋರಲಾಗಿ ಅಂಟಿತ್ತು. ಕಾಣುತ್ತಿದ್ದುದು ಬಣ್ಣದ ಬೆನ್ನು ಮಾತ್ರ. ಕೈ ಆಚೆ ಮುಖಕ್ಕಿತ್ತು, ಗಮ್ಮಿಗೂ ಬಣ್ಣಕ್ಕೂ ನಡುವೆ. ಬಿಡಿಸಲು ಹೋದರೆ ಪುಡಿಯಾಗುತ್ತದೆ ಎಂದು ಹೇಳುವ ಅಗತ್ಯ ಇರಲಿಲ್ಲ. ಆದರೂ ಹುಲಿಗೇಶ ಮೆಲ್ಲಗೆ ಹೇಳಿದ. ಹೇಳಿದ ಮೇಲೆ ತನ್ನದೇ ತಪ್ಪೆಂಬಂತೆ ಸ್ಪಿರಿಟ್ಟಿನ ಬಟ್ಟೆ ಹಿಂಡುತ್ತ ನಿಂತ. ಇಸ್ರಾರ್ ಕಾರನ್ನು ಆ ರಾತ್ರಿ ಅಂಗಡಿಯ ಮುಂದೆಯೇ ಬಿಟ್ಟು, ಬೆಳಿಗ್ಗೆ ಅಲ್ಲಿಂದಲೇ ಕಚೇರಿಗೆ ಒಯ್ದ.

ಮರುದಿನ ಬಂದ ಅಧಿಕಾರಿ ಬೂದು ಕಲೆಯನ್ನು ನೋಡಿದ, ಇದಕ್ಕೆ ಏನಾಗಿದೆ ಎಂದು ಕೇಳಿದ, ಉತ್ತರಕ್ಕೆ ಕಾಯದೆ ಮುಂದಿನ ಗಾಡಿಗೆ ಹೋದ. ಹನ್ನೊಂದಕ್ಕೆ ಶಂಭುಲಿಂಗಪ್ಪನವರು ಬಂದು ಮುಂಗಾಜಿನ ಒಳಗಿದ್ದ ಕಚೇರಿಯ ಬೋರ್ಡನ್ನು ತಾವೇ ತೆಗೆದುಕೊಂಡರು. ಬಾಗಿಲು ಹಾಕುವಾಗ ಸದ್ದಾಗದಂತೆ ಹಾಕಿದರು.

ಹಾಳೆಯನ್ನು ಮಡಿಸುವಂತಿರಲಿಲ್ಲ, ಬೋರಲು ಹಾಕುವಂತಿರಲಿಲ್ಲ. ಹಿಂದಿನ ಸೀಟಿನ ಮೇಲೆ ಗಮ್ಮಿನ ಮುಖ ಮೇಲಾಗಿ ಹಾಸಿಕೊಂಡೇ ಇಸ್ರಾರ್ ಅಂದು ಮಧ್ಯಾಹ್ನ ಮನೆಗೆ ಬಂದ. ಕಿಟಕಿಗಳನ್ನೇರಿಸುವುದು ಮರೆತಿತ್ತು. ದಾರಿಯುದ್ದಕ್ಕೂ ಎರೆಮಣ್ಣಿನ ಧೂಳು ಒಳಗೆ ಬಂದಿತ್ತು.

ಹೆಂಡತಿ ನಿಲೋಫರ್ ಬಾನೆಟ್ಟು ನೋಡಿ, ಕಾರಿನ ಬಾಗಿಲು ತೆಗೆದು, ಅತ್ತೆಯ ಕೈ ಎಲ್ಲಿ ಎಂದು ಕೇಳಿದಳು. ಅವನು ಹಿಂದಿನ ಸೀಟಿನ ಕಡೆ ತೋರಿಸಿದ. ಅವಳು ಬಗ್ಗಿ ಹುಡುಕಿದಳು. ಧೂಳು ಕೂತಿದ್ದರಿಂದ ಕಾಣುತ್ತಿಲ್ಲ ಎಂದುಕೊಂಡು ಸೆರಗಿನ ತುದಿಯಿಂದ ಹಗುರವಾಗಿ ಒರೆಸಿದಳು.

ಗಮ್ಮು ಸೆರಗು ಹಿಡಿದುಕೊಂಡಿತು. ಎಳೆಯಲು ಭಯವಾಗಿ ಅವಳು ಹಾಗೇ ಬಗ್ಗಿ ನಿಂತಳು.