ಜೇನಿಗೆ ಚೆಲ್ಲಿದ ಚರಗ

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದ ಸುತ್ತ ನಡೆದು ಹಬ್ಬದಡುಗೆಯ ಚರಗ ಚೆಲ್ಲುವುದು ರಾಮವ್ವನ ಕೆಲಸ. ಇರುವೆ, ಹುಳ, ಹಕ್ಕಿ, ಭೂಮಿತಾಯಿ ಎಲ್ಲರನ್ನೂ ಕೂಗಿ ಕರೆದು ಉಣ್ಣಿಸಿದ ಮೇಲೆಯೇ ಮನೆಯವರು ಊಟಕ್ಕೆ ಕೂರಬೇಕು. ಮದುವೆಯಾಗಿ ಬಂದಾಗಿನಿಂದ ತಪ್ಪಿಸಿದವಳಲ್ಲ. ಈ ಸಲ ಮೊಣಕಾಲು ಬಾತು, ಹೆಜ್ಜೆ ಕಿತ್ತಿಡುವುದೇ ಕಷ್ಟವಾಗಿತ್ತು.

“ನೀವು ಕುಂದರ್ರಿ ಅತ್ತಿ. ನಾ ಡ್ರೋನಿನಾಗ ಚೆಲ್ತೇನಿ,” ಅಂದಳು ಸೊಸೆ ಸುರೇಖಾ.

ಸುರೇಖಾ ನಾಲತವಾಡದ ಸುತ್ತಲಿನ ಹೊಲಗಳಿಗೆ ಡ್ರೋನಿನಿಂದ ಔಷಧಿ ಹೊಡೆಯುವವಳು. ಮಹಿಳಾ ಸಂಘದಿಂದ ತರಬೇತಿಗೆ ಹೋಗಿ ಬಂದಾಗ ಊರ ಗಂಡಸರು ಮೀಸೆಯಡಿ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ, “ಯಕ್ಕಾ, ನಮ್ಮ ಹೊಲಕ್ಕ ಯಾವಾಗ ಬರ್ತಿ?” ಅನ್ನುತ್ತಾರೆ. ಅಂದು ನಗದೇ ಇದ್ದವಳು ರಾಮವ್ವ ಒಬ್ಬಳೇ. ಅವಳಿಗೆ ಸುರೇಖಾ ತಾನು ಕಲಿತದ್ದನ್ನು ಹೇಳಿದ್ದಳು: ಜೇನುಹುಳ ಇಳಿಯುವಾಗ, ಕೆಳಗಿನ ನೆಲ ಕಣ್ಣಿಗೆ ಎಷ್ಟು ಜೋರಾಗಿ ಓಡುತ್ತದೆ ಅಂತ ನೋಡಿಕೊಂಡು ವೇಗ ಇಳಿಸುತ್ತದೆ, ಅದನ್ನು ನೋಡಿಯೇ ಇಂಥ ಯಂತ್ರಗಳ ಹೊಟ್ಟೆಯಡಿಯೂ ಕ್ಯಾಮೆರಾದ ಕಣ್ಣಿಟ್ಟು ಮೆತ್ತಗೆ ಇಳಿಯುವುದನ್ನು ಕಲಿಸಿದ್ದಾರೆ.

“ಅಂದ್ರ ಹುಳಾನ ಇದರ ಗುರು!” ರಾಮವ್ವ ಡ್ರೋನಿಗೆ ಅರಿಸಿನದ ಭಂಡಾರ ಹಚ್ಚಿದ್ದಳು. ಅವರ ಹೊಲದ ಬೇವಿನ ಮರದಲ್ಲಿ, ಮನೆದೇವರು ಅಮೋಘಸಿದ್ಧನ ಕಟ್ಟೆಯ ನೆತ್ತಿಗೇ, ಒಂದು ಹೆಜ್ಜೇನು ತೂಗುತ್ತಿತ್ತು. ಅದನ್ನು ಬಿಡಿಸಲು ಅವಳು ಯಾರಿಗೂ ಬಿಟ್ಟಿರಲಿಲ್ಲ. “ಸಾಸಿವಿಯಷ್ಟು ತಲಿಯೊಳಗ ಇಷ್ಟು ವಿದ್ಯಾ ಇಟ್ಟಾಂವ ಸಿದ್ಧ. ಅವು ಅವನ ಹುಳಾ,” ಅನ್ನುತ್ತಿದ್ದಳು.

ಕಡುಬು, ಬದನೆಕಾಯಿ ಪಲ್ಯ ಡ್ರೋನಿನ ಸಣ್ಣ ತೂತಿನಿಂದ ಇಳಿಯುತ್ತವೆಯೇ? ಸುರೇಖಾ ಬೆಲ್ಲದ ನೀರು ಮಾಡಿ ಸೋಸಿದಳು. ಟ್ಯಾಂಕಿನ ಮುಚ್ಚಳ ತೆಗೆದಾಗ ನಿನ್ನೆಯ ಔಷಧಿಯ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ದಿನ ಯಾರದೋ ಕಡಲೆಗೆ ಕಾಯಿಕೊರಕ ಹುಳ ಸಾಯಿಸುವ ಔಷಧಿ ಹೊಡೆದು, ಹಬ್ಬದ ಗಡಿಬಿಡಿಯಲ್ಲಿ ಟ್ಯಾಂಕನ್ನು ಒಂದೇ ಸಲ ಕುಲುಕಿ ಚೆಲ್ಲಿದ್ದಳು. ಸಾಬೂನು ಹಾಕಿ ಮತ್ತೆ ಮತ್ತೆ ತೊಳೆಯಬೇಕೆಂದು ಅವಳಿಗೇನು ಗೊತ್ತಿಲ್ಲವೇ? ಆದರೆ ಹಬ್ಬಕ್ಕೆ ಬಂದ ಬೀಗರೆಲ್ಲ ಮೊಬೈಲ್ ಎತ್ತಿ ನಿಂತಿದ್ದರು. ಹೊಗಳಿಕೆಗೆ ಕಿವಿ ನಿಮಿರಿತೆಂದರೆ ಮೂಗು ಕೆಲಸ ಮಾಡುವುದಿಲ್ಲ. ಅವಳು ಬೆಲ್ಲದ ನೀರು ಸುರಿದು ಮುಚ್ಚಳ ಹಾಕಿದಳು.

“ಹುಲ್ಲುಲ್ಲಿಗೋ!” ಬೇವಿನ ಕೆಳಗೆ ಕೂತು ರಾಮವ್ವ ಚರಗದ ಕೂಗು ಹಾಕಿದಳು. “ಚೆಲ್ಲಂಬ್ರಿಗೋ!” ಎಂದರು ಬೀಗರು. ಡ್ರೋನ್ ಮೇಲೇರಿ, ಜೋಳದ ಅಂಚಿನ ಕುಸುಬೆ ಹೂವಿನ ಮೇಲೆ ಸಿಹಿ ತುಂತುರು ಇಳಿಯಿತು. ಸ್ವಲ್ಪ ಹೊತ್ತಿಗೆ ಜೇನುಹುಳಗಳು ಮುಕುರಿದವು. “ನೋಡ್ರಿ, ಗುರು ಉಣ್ಣಾಕ ಬಂದ್ರು!” ರಾಮವ್ವನ ಕಣ್ಣು ತುಂಬಿ ಬಂದವು. ಸುರೇಖಾಳಿಗೆ ಟ್ಯಾಂಕಿನ ವಾಸನೆ ನೆನಪಾಯಿತು. ಆದರೂ ಡ್ರೋನ್ ಇಳಿಸಿ, ಬೀಗರ ಮೊಬೈಲುಗಳತ್ತ ಮುಖ ತಿರುಗಿಸಿದಳು.

ಮರುದಿನ ಅತ್ತೆ ಮನೆಯಲ್ಲಿ ಕಾಣಲಿಲ್ಲ. ಸುರೇಖಾ ಹೊಲಕ್ಕೆ ಓಡಿದಳು. ಬೇವಿನ ಕೆಳಗೆ ನೆಲವೆಲ್ಲ ಸತ್ತ ಹುಳ; ಕೆಲವು ಏಳಲಾರದೆ ಇದ್ದಲ್ಲೇ ಗಿರಕಿ ಹೊಡೆಯುತ್ತಿದ್ದವು. ರಾಮವ್ವ ಅವನ್ನು ಸೆರಗಿಗೆ ಬಳಿದುಕೊಂಡು, ಒಂದೇ ಕೈಯಿಂದ ಗಲ್ಲ ಬಡಿದುಕೊಳ್ಳುತ್ತಿದ್ದಳು.

“ತಪ್ಪಾತೋ ಸಿದ್ಧಾ! ಕಾಲ್ ನೋವಂತ ಕುಂತ ಬಿಟ್ಟೆ. ನಡದು ಚರಗಾ ಚೆಲ್ಲಲಿಲ್ಲಂತ ಸಿಟ್ಟಾದೇನು? ಈಗ ನಡೀತೇನಿ, ತಗೋ.”

ಬಾತ ಕಾಲನ್ನು ಎಳೆಯುತ್ತ ಅವಳು ಹೊಲದ ಅಂಚಿನ ಒಡ್ಡಿನ ಮೇಲೆ ಹೊರಟೇಬಿಟ್ಟಳು. ಸುರೇಖಾ ಹಿಂದೆ ನಡೆದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ದೇವರ ಸಿಟ್ಟಿಗೆ ಸಾಕ್ಷಿ ಕೇಳುವವರಿಲ್ಲ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮೂಲೆಗೆ ಬರುವಷ್ಟರಲ್ಲಿ ರಾಮವ್ವ ಮುಗ್ಗರಿಸಿದಳು. ಸುರೇಖಾ ಅವಳ ರಟ್ಟೆ ಹಿಡಿದಳು.

“ಸಾಕ್ರಿ ಅತ್ತಿ. ಸಿದ್ಧಂದಲ್ಲ, ನಿಮ್ದೂ ಅಲ್ಲ. ನಂದು. ಟ್ಯಾಂಕಿನಾಗ ಔಷಧಿ ಉಳಿದಿತ್ರಿ. ವಾಸನಿ ಬಂದಿತ್ತು. ಗೊತ್ತಿದ್ದೂ ಹಾರಿಸಿದೆ.”

ರಾಮವ್ವ ಒಡ್ಡಿನ ಮೇಲೆ ಕುಸಿದು ಕೂತು, ಮರದಲ್ಲಿ ಅರ್ಧ ಖಾಲಿಯಾದ ಜೇನುಹುಟ್ಟನ್ನು ನೋಡಿದಳು.

“ವಿಷಾ ನಿಂದ ಇರಬಹುದು. ಆದ್ರ ಅವು ನನ್ನ ದನಿ ಕೇಳಿ ಬಂದಿದ್ವು. ಕೂಗಿ ಕರದಾಕಿ ನಾನ,” ಅಂದಳು. “ಉಡಿ ಒಡ್ಡು. ಮಣ್ಣ ಮಾಡೂಣು.”

ಹಬ್ಬಕ್ಕೆ ಉಡಿ ತುಂಬಿಸಿಕೊಳ್ಳುವಾಗಿನಂತೆಯೇ ಸುರೇಖಾ ಎರಡೂ ಕೈಯಿಂದ ಸೆರಗು ಒಡ್ಡಿದಳು. ಅತ್ತೆ ತನ್ನ ಸೆರಗಿನ ಹುಳಗಳನ್ನು ಅದರೊಳಗೆ ಸುರಿದಳು.